ಔಟ್‌ಬಾಕ್ಸಿನಲ್ಲಿ ನಲವತ್ತೊಂದು

ಬೆಳಗಿನ ಎಂಟೂವರೆ. ಜುಗ್ದೀದಿ.
ಕೆಳಗೆ ಹೇಜಲ್‌ನಟ್ ಒಣಗಿಸುವ ಯಂತ್ರ ಗುರುಗುಟ್ಟಿ
ನನ್ನ ಕಾಫಿಯ ಮೇಲೆ ಬಳೆ ಬಳೆಯಾಗಿ ಅಲೆ.
ಫೋನಿನಲ್ಲಿ ಗೋಚಾ, ದೇಶದ ಇನ್ನೊಂದು ತುದಿ ಲಾಗೊದೇಖಿಯಿಂದ:
"ನಿಮ್ಮದೆಲ್ಲ ನನಗೆ ಬರ್ತಾ ಇದೆ ಮ್ಜೆವಿನಾರ್,
ನನ್ನದೊಂದೂ ಹೋಗ್ತಾ ಇಲ್ಲ."

ಎಲ್ಲರೂ ಹೀಗೇ ಶುರುಮಾಡುತ್ತಾರೆ.
ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಎಂದು
ಹದಿನಾರು ವರ್ಷದಿಂದ ಹೇಳುತ್ತಿದ್ದೇನೆ.
ಬಾವಿಗಿಳಿದ ಕೊಡ ಅದೇ ಹಗ್ಗದಲ್ಲಿ ತಾನೇ
ಮೇಲೆ ಬರುವುದು, ಎನ್ನುತ್ತಾರೆ.

ಏನೆಂದು ತೋರಿಸುತ್ತಿದೆ?
"ಏನೂ ಇಲ್ಲ. ಒಂದು ಚಕ್ರ ತಿರುಗ್ತಿದೆ.
ಔಟ್‌ಬಾಕ್ಸ್ ಅಂತೊಂದಿದೆ, ಇವತ್ತೇ ನೋಡಿದ್ದು.
ಅದರೊಳಗೆ ನಲವತ್ತೊಂದು."
ಬೈಗುಳವೂ ಬಾರದ ಕಡೆ ದಾರಿಯೇ ಮುಚ್ಚಿರುತ್ತದೆ:
ಅತಿಥಿಗೃಹದ ವೈಫೈ ಇಪ್ಪತ್ತೈದನೇ ಪೋರ್ಟಿಗೆ ಬೀಗ ಜಡಿದಿದೆ.
ತಪ್ಪೇನಲ್ಲ. ಯಾರದೋ ರೋಗ ಹಿಡಿದ ಲ್ಯಾಪ್‌ಟಾಪು
ಅಲ್ಲಿ ಮಲಗಿ ರಾತ್ರಿಯಿಡೀ ಲೋಕಕ್ಕೆಲ್ಲ ಮಾತ್ರೆ ಮಾರಿರಬಹುದು.

ಮೊಬೈಲಿನ ನೆಟ್ ಹಾಕಿ ನೋಡು, ಎಂದೆ.
ಹಾಕಿದ. ಈಗ ಬೈಗುಳ ಬಂತು, ನನ್ನ ಲಾಗಿನಲ್ಲೂ ಬಿತ್ತು:
ಐನೂರೈವತ್ತು. ರಿಲೇ ನಿರಾಕರಿಸಲಾಗಿದೆ.
ಗೋಚಾ ಅದನ್ನು ಅಕ್ಷರ ಅಕ್ಷರ ಓದಿ, ತಡೆದು, ಕೇಳಿದ:
"ಅಂದರೆ, ನಾನು ಯಾರು ಅಂತ ಗೊತ್ತಿಲ್ಲ ಅಂತಲಾ?"

ಹೌದು. ಅಂತಲೇ.
ಆ ನಿಯಮ ನನ್ನದೇ.
ಒಂಬತ್ತು ವರ್ಷದ ಹಿಂದೆ ಒಂದು ಶನಿವಾರ ಯಾರೋ ನಮ್ಮ ಸರ್ವರನ್ನು
ಹಾದಿಬೀದಿಯ ಅಂಚೆಪೆಟ್ಟಿಗೆ ಮಾಡಿಕೊಂಡು
ಅರವತ್ತು ಸಾವಿರ ಕಾಗದ ಹಾಕಿದ್ದರು.
ಸೋಮವಾರಕ್ಕೆ ನಮ್ಮ ವಿಳಾಸ ಕಪ್ಪುಪಟ್ಟಿಯಲ್ಲಿ;
ಪಿಯೆಮೊಂಟಿನ ಚಾಕೊಲೇಟಿನವರಿಗೆ ದರ ತಲುಪದೆ
ಎರಡು ಲಾರಿ ಮಾಲು ಗೋದಾಮಿನಲ್ಲೇ ಮುಗ್ಗಲು ಹಿಡಿಯಿತು.
ಅವತ್ತು ರಾತ್ರಿ ಬರೆದೆ: ಗೋಡೆಯೊಳಗಿದ್ದವರು ನಮ್ಮವರು.
ಹೊರಗಿನಿಂದ ಮಾತಾಡುವವರು ಮೊದಲು ಹೆಸರು ಹೇಳಲಿ, ಗುಟ್ಟು ಹೇಳಲಿ.

ಗೋಚಾನ ಹಳೆಯ ಲ್ಯಾಪ್‌ಟಾಪು ಹೊಳೆಗೆ ಬಿದ್ದಿತ್ತು.
ಹೊಸದನ್ನು ನಾನೇ ಸಿದ್ಧಮಾಡಿದ್ದು, ಇದೇ ಮೇಜಿನ ಮೇಲೆ.
ಇಲ್ಲಿ ಎಲ್ಲವೂ ಹೋಗುತ್ತಿತ್ತು.

ಕನ್ನಡಕ ಕಾರಿನ ಚಕ್ರಕ್ಕೆ ಸಿಕ್ಕಿ ಪುಡಿಯಾಗಿದೆಯಂತೆ.
ಮನೆಯೊಡತಿಯ ಮೊಮ್ಮಗಳು ನುತ್ಸಾ,
ಎರಡನೇ ತರಗತಿ, ಓದಿ ಹೇಳಿದಳು.
ಹೊರಹೋಗುವ ಸರ್ವರ್. ಇನ್ನಷ್ಟು. ಮತ್ತೂ ಇನ್ನಷ್ಟು.
"ಇಲ್ಲೊಂದು ಖಾಲಿ ಚೌಕ ಇದೆ."
ಅದೇ. ಅದಕ್ಕೊಂದು ಸರಿ ಗುರುತು ಹಾಕು.
ಇಪ್ಪತ್ತೈದು ಅಳಿಸು, ಐನೂರ ಎಂಬತ್ತೇಳು ಬರೆ.
"ಐದು, ಎಂಟು, ಏಳು," ರಾಗ ಎಳೆದಳು.
ಪಾಸ್‌ವರ್ಡಿಗೆ ಗೋಚಾ ಅವಳನ್ನು ಆಚೆ ಕಳಿಸಿದ.
ಎರಡು ಸಲ ತಪ್ಪಿತು. ಮೂರನೆಯದಕ್ಕೆ

ಲಾಗು ಸರಸರ ಓಡಿತು.
ವಿಷಯದ ಸಾಲು ಮಾತ್ರ ನನಗೆ ಕಾಣುವುದು:
ತೇವಾಂಶ ಶೇಕಡ ಆರು. ತೇವಾಂಶ ಹನ್ನೊಂದು, ಬೇಡ.
ದರ ತುರ್ತು. ಮತ್ತೆ, ದರ ತುರ್ತು. ಯಾರಾದರೂ ಇದ್ದೀರಾ.
ಆ ಕಡೆ ಕುರ್ಚಿ ಸರಿದ ಸದ್ದು.
"ಕೊನೆಯದನ್ನು ನಿಲ್ಲಿಸು. ಮ್ಜೆವಿನಾರ್, ಕೊನೆಯದು,
ನಿನ್ನೆ ರಾತ್ರಿ ಬರೆದದ್ದು. ಮೂರು ದಿನ ಯಾರೂ ಉತ್ತರ ಕೊಡಲಿಲ್ಲ,
ಬೇಕಂತಲೇ ಅಂದುಕೊಂಡೆ."

ಜುಂಬೆರ್ ಅವರಿಗೆ. ವಿಷಯ: ರಾಜೀನಾಮೆ.
ಸ್ಥಿತಿ: ತಲುಪಿದೆ.
ನಮ್ಮದೇ ಧಣಿ, ನಮ್ಮದೇ ಸರ್ವರ್; ಒಂದು ಸೆಕೆಂಡೂ ಹಿಡಿಯಲಿಲ್ಲ.

ಎಲ್ಲ ಪೆಟ್ಟಿಗೆಗಳ ಕೀಲಿ ನನ್ನ ಹತ್ತಿರ ಇದೆ.
ಗೋಚಾಗೂ ಅದು ಗೊತ್ತು, ಅದಕ್ಕೇ ಸುಮ್ಮನಾದ.
ಹತ್ತಕ್ಕೆ ಮುಂಚೆ ಜುಂಬೆರ್ ಪರದೆ ತೆರೆಯುವುದಿಲ್ಲ.
ದೂರದಲ್ಲಿ ಹುಡುಗಿ ಇನ್ನೂ ಐದು ಎಂಟು ಏಳು ಎನ್ನುತ್ತಿದ್ದಳು.

ಒಂಬತ್ತು ಇಪ್ಪತ್ತು.
ಹೊರಗೆ ಹೋಗುವುದಕ್ಕೆ ನಿಯಮ ಬರೆದವಳು ನಾನು,
ಹೋದದ್ದನ್ನು ಹಿಂದಕ್ಕೆಳೆಯಲು ಬರೆದಿಲ್ಲ.
"ನೀನೇ ಫೋನ್ ಮಾಡು," ಎಂದೆ, "ಈಗಲೇ. ದಾರಿಯಲ್ಲಿರುತ್ತಾರೆ.
ಅದಕ್ಕೆ ಪೋರ್ಟು ಬೇಕಾಗಿಲ್ಲ."
ಮಾತಿಲ್ಲದೆ ಇಟ್ಟುಬಿಟ್ಟ.

ಕೆಳಗೆ ಯಂತ್ರ ನಿಲ್ಲಿಸಿದ್ದರು.
ತಣ್ಣಗಾದ ಕಾಫಿಯಲ್ಲಿ ಅಲೆಯಿರಲಿಲ್ಲ.
ಒಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದೆ:
ಹೊಸ ಲ್ಯಾಪ್‌ಟಾಪನ್ನು ಬೀದಿಗೆ ಒಯ್ದು ಪರೀಕ್ಷಿಸುವುದು.